ಬೋರ್ ಎಲ್ಲರದ್ದೂ ಹೋಗಿತ್ತು

“ಬೋರ್ ಎಲ್ಲರದ್ದೂ ಹೋಗ್ಯಾವೆ. ಪಕ್ಕದ ತೋಟದೋನ್ದು ನಾಲ್ಕು ಹೋಗ್ಯಾವೆ. ಅವನೇನ್ ಹಿಂಗೆ ಮಕ್ಕಂಡಾನಾ?”

2017ರ ಬೇಸಿಗೆ, ಹೊಳಲ್ಕೆರೆ ತಾಲ್ಲೂಕಿನ ನಮ್ಮೂರು. ಜಗಲಿ ಮೇಲೆ ಕೂತು ಸೋದರಮಾವ ಈ ಮಾತು ಆಡುವಾಗ ಅಣ್ಣ ನಡುಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ಕೇಳಲಿ ಅಂತಲೇ ಮಾವ ದನಿ ಏರಿಸಿದ್ದು. ಕೆಟ್ಟ ಮನಸ್ಸಿನಿಂದಲ್ಲ, ರೋಷಕ್ಕಾದರೂ ಎದ್ದು ಕೂತಾನು ಎಂಬ ಆಸೆಯಿಂದ. ಅಣ್ಣ ಏಳಲಿಲ್ಲ. ಅತ್ತಿಗೆ ಕಾಫಿ ಲೋಟ ಇಟ್ಟು ಒಂದೂ ಮಾತಾಡದೆ ಒಳಗೆ ಹೋದರು.

ಬೈಗುಳ ಅಂತ ತಳ್ಳಿಹಾಕಿದರೆ ಹೋಗುವ ಪ್ರಶ್ನೆ ಅಲ್ಲ ಅದು. ಒಂದೇ ಊರು, ಒಂದೇ ಬರ, ಒಂದೇ ಸೊಸೈಟಿಯ ಸಾಲ. ಒಬ್ಬ ಟ್ಯಾಂಕರ್ ನೀರು ತರಿಸಿ, ಸರ್ಕಾರವನ್ನು ಬೈದುಕೊಂಡು ಓಡಾಡುತ್ತಾನೆ. ಇನ್ನೊಬ್ಬ ಖಿನ್ನತೆಗೆ ಜಾರಿ ಹಾಸಿಗೆ ಹಿಡಿಯುತ್ತಾನೆ. ಯಾಕೆ? ಮನೋವೈದ್ಯರು, ತಳಿವಿಜ್ಞಾನಿಗಳು ದಶಕಗಳಿಂದ ಕೇಳಿಕೊಂಡು ಬಂದಿರುವುದೂ ಇದನ್ನೇ. ನಾನು ದಾವಣಗೆರೆಯಲ್ಲಿ ಪಿಯು ಹುಡುಗರಿಗೆ ಜೀವಶಾಸ್ತ್ರ ಹೇಳುವವನು. ಇದಕ್ಕೊಂದು ಉತ್ತರ ನನ್ನ ಹತ್ತಿರ ಸಿದ್ಧವಿತ್ತು. ಹತ್ತು ವರ್ಷದಿಂದ ಬೋರ್ಡಿನ ಮೇಲೆ ಅದನ್ನು ಬರೆಯುತ್ತಲೂ ಇದ್ದೆ. ಆ ಉತ್ತರ ನಿಲ್ಲಲಿಲ್ಲ ಎಂಬುದನ್ನು ಹೇಳಿಕೊಳ್ಳಲಿಕ್ಕೇ ಇದನ್ನು ಬರೆಯಲು ಕೂತಿದ್ದು. ಅಣ್ಣನಿಗೆ ಓದಿ ಹೇಳಿ, ಅವನು ಹೂಂ ಅಂದಮೇಲೆಯೇ ಹಾಕುತ್ತಿದ್ದೇನೆ.

ಅಣ್ಣನಿಗಿಂತ ಮೊದಲು ಅಪ್ಪನ ಸುದ್ದಿ ಹೇಳಬೇಕು.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಆಗಲೇ ಇಳಿಮುಖವಾಗಿತ್ತು. ಪಾಳಿ ಮುಗಿಸಿ ಬಂದ ಅಪ್ಪನ ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಅದನ್ನು ಕೀಳುವುದು ನಮಗೊಂದು ಆಟ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಿಲ್ಲು ನಿಂತಿತು. ಮೊದಲು ಲಾಕೌಟ್ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಮೂರು ತಿಂಗಳು ಅಪ್ಪ ದಿನಾ ಗೇಟಿನ ತನಕ ಹೋಗಿ ಬಂದರು. ಆಮೇಲೆ ಹೋಗುವುದು ಬಿಟ್ಟರು. ಗಡ್ಡ ಕೆರೆಯುವುದು ಬಿಟ್ಟರು. ಕೊನೆಗೆ ಎಲೆಅಡಿಕೆ ಬಿಟ್ಟರು. ಅವರು ಊಟ ಬಿಟ್ಟಾಗಲೂ ಗಾಬರಿಯಾಗದ ಅಮ್ಮ ಎಲೆಅಡಿಕೆ ಚೀಲ ಗೂಟದಲ್ಲೇ ನೇತಾಡುವುದನ್ನು ನೋಡಿ ಅತ್ತಿದ್ದು ನನಗೆ ನೆನಪಿದೆ.

ಅದೇ ಪಾಳಿಯಲ್ಲಿದ್ದ ಅಪ್ಪನ ಗೆಳೆಯರೊಬ್ಬರು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಸೇರಿ, ಎರಡು ವರ್ಷದಲ್ಲಿ ಸಂಜೆ ಹೊತ್ತು ಮಿರ್ಚಿ–ಮಂಡಕ್ಕಿ ಗಾಡಿ ಹಾಕಿದರು. ಆ ಗಾಡಿಯ ಮಿರ್ಚಿ ಪೊಟ್ಟಣ ಮನೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು, “ಅವರಿಗೂ ಮಿಲ್ಲೇ ಹೋಗಿದ್ದು.” ನೋಡಿ, ಮಾವನ ಮಾತು ನಮ್ಮ ಮನೆಗೆ ಹೊಸದಲ್ಲ. ಮೂವತ್ತು ವರ್ಷ ಹಳೆಯದು.

ಅಪ್ಪನನ್ನು ಯಾವ ಡಾಕ್ಟರ ಹತ್ತಿರವೂ ಕರೆದೊಯ್ಯಲಿಲ್ಲ. ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋಗಿ ಅಮಾವಾಸ್ಯೆ ಮಾಡಿಸಿಕೊಂಡು ಬಂದರು. ವರ್ಷದ ಮೇಲೆ ಅವರೇ ನಿಧಾನಕ್ಕೆ ಎದ್ದರು. ಅಷ್ಟರಲ್ಲಿ ಮನೆಯಲ್ಲಿ ಎರಡು ಪಕ್ಷವಾಗಿತ್ತು. ಅಮ್ಮನ ತವರಿನವರು, “ಇವರ ತಾಯಿಗೂ ಹಿಂಗೇ ಆಗಿತ್ತಂತೆ, ವಂಶದಾಗೇ ಐತೆ” ಅಂದರು. ಅಪ್ಪನ ಕಡೆಯವರು, “ಮಿಲ್ಲು ಹೋದ ಟೆನ್ಷನ್ನು, ಇನ್ನೇನಿಲ್ಲ” ಅಂದರು. ಕಾರಣ ಹುಡುಕುವ ಆಸಕ್ತಿ ಎರಡು ಕಡೆಯವರಿಗೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ವಂಶ ಅಂದರೆ ತಪ್ಪು ಆ ಮನೆತನದ ತಲೆಗೆ. ಟೆನ್ಷನ್ ಅಂದರೆ ತಪ್ಪು ಮಲಗಿದವನ ತಲೆಗೇ. ಯಾಕೆಂದರೆ ಟೆನ್ಷನ್ ಎಲ್ಲರಿಗೂ ಇರುತ್ತದಲ್ಲ!

ನಾನು ಓದಿ ಲೆಕ್ಚರರ್ ಆದೆ. ಅಣ್ಣ ಅಜ್ಜನ ಜಮೀನು ನೋಡಿಕೊಳ್ಳುತ್ತೇನೆ ಅಂತ ಊರಿಗೆ ಹೋಗಿ ಅಡಿಕೆ ಹಾಕಿದ.

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ನ್ಯೂಜಿಲೆಂಡಿನ ಡನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರದ ಚಿಲ್ಲರೆ ಮಕ್ಕಳನ್ನು ಬೆಳೆಯುತ್ತ ಬಂದಂತೆ ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದ ತಂಡದ್ದು ಅದು. ಆ ಮಕ್ಕಳಿಗೆ 26 ತುಂಬಿದಾಗ ಅವ್‌ಶಲೋಮ್ ಕ್ಯಾಸ್ಪಿ, ಟೆರಿ ಮಾಫಿಟ್ ಮತ್ತು ಸಂಗಡಿಗರು 847 ಮಂದಿಯ ಜೀನ್ ನೋಡಿದರು. ಸಿರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶದೊಳಕ್ಕೆ ವಾಪಸ್ ಎಳೆದುಕೊಳ್ಳುವ ಪ್ರೋಟೀನೊಂದಿದೆ. ಅದರ ಜೀನಿನ ಮುಂಭಾಗದ ಒಂದು ತುಂಡು ಕೆಲವರಲ್ಲಿ ಗಿಡ್ಡ, ಕೆಲವರಲ್ಲಿ ಉದ್ದ. ಕೆಲಸ ಹೋಗುವುದು, ಸಾಲ, ಮನೆ ಬಿಡುವುದು, ಕಾಯಿಲೆ, ಸಂಬಂಧ ಮುರಿಯುವುದು — 21ರಿಂದ 26ರೊಳಗೆ ಇಂಥ ಪೆಟ್ಟು ಬೀಳದವರಲ್ಲಿ ಗಿಡ್ಡ–ಉದ್ದದಿಂದ ಏನೂ ವ್ಯತ್ಯಾಸವಿರಲಿಲ್ಲ. ನಾಲ್ಕೋ ಅದಕ್ಕೂ ಹೆಚ್ಚೋ ಪೆಟ್ಟು ಬಿದ್ದವರಲ್ಲಿ ಮಾತ್ರ ಗಿಡ್ಡ ತುಂಡಿನವರು ಹೆಚ್ಚಾಗಿ ಖಿನ್ನತೆಗೆ ಜಾರಿದ್ದರು.

ಎಷ್ಟು ಚೆಂದದ ಕತೆ! ಅಮ್ಮನ ತವರೂ ಗೆದ್ದಿತು, ಅಪ್ಪನ ಕಡೆಯವರೂ ಗೆದ್ದರು. ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದೆ. ಉದ್ದ ತುಂಡಿನವರದ್ದು ಹೆಚ್ಚು ಏರದ ಗೆರೆ, ಗಿಡ್ಡ ತುಂಡಿನವರದ್ದು ಪೆಟ್ಟು ಹೆಚ್ಚಿದಂತೆ ಮೇಲೇರುವ ಗೆರೆ. ಹಿಂದಿನ ಬೆಂಚಿನ ಹುಡುಗರೂ ಫೋನು ಕೆಳಗಿಟ್ಟು ಕೇಳುತ್ತಿದ್ದ ಪಾಠ ಅದೊಂದೇ. ಸಿಲಬಸ್ಸಿನಲ್ಲಿ ಇರಲೂ ಇಲ್ಲ.

ಮಾವ ಜಗಲಿಯಿಂದ ಎದ್ದು ಹೋದಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತಿಗೆಗೆ ಇದನ್ನೇ ಹೇಳಿದೆ. ಸಮಾಧಾನ ಮಾಡುವ ಉಮೇದು. “ಅತ್ತಿಗೆ, ಅಣ್ಣನ ತಪ್ಪಿಲ್ಲ ಇದ್ರಲ್ಲಿ. ಕೆಲವರ ಜೀನೇ ಹಂಗಿರುತ್ತೆ. ಪೆಟ್ಟು ತಡ್ಕೊಳ್ಳೋಕೆ ಆಗಲ್ಲ. ಅಪ್ಪಂದೇ ಇವನಿಗೂ ಬಂದೈತೆ.”

ಅತ್ತಿಗೆ ರೊಟ್ಟಿ ತಟ್ಟುತ್ತಿದ್ದರು. ಕೈ ನಿಂತಿತು. “ಅಂಗಾರೆ ಮೇಷ್ಟ್ರೇ, ನನ್ ಮಗನಿಗೆ?”

ಅವರು ನನ್ನನ್ನು ಮೇಷ್ಟ್ರೇ ಅಂತ ಕರೆಯುವುದು ತಮಾಷೆಗೆ. ಅವತ್ತು ತಮಾಷೆ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿದ್ದರೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಂಡನನ್ನು ತಪ್ಪಿನಿಂದ ಬಿಡಿಸಿ ಮಗನನ್ನು ಸಿಕ್ಕಿಸಿದ್ದೆ.

ದಾವಣಗೆರೆಗೆ ವಾಪಸಾಗಲು ಚಿಕ್ಕಜಾಜೂರಿನಲ್ಲಿ ರೈಲು ಕಾಯುತ್ತಾ ಫೋನಿನಲ್ಲೇ ಹುಡುಕಲು ಶುರು ಮಾಡಿದೆ. ನಾಚಿಕೆಯ ಸಂಗತಿ ಏನೆಂದರೆ, 2009ರಲ್ಲೇ ಈ ಕತೆಗೆ ಕೊಡಲಿ ಪೆಟ್ಟು ಬಿದ್ದಿತ್ತು. ಅಂಥ 14 ಅಧ್ಯಯನಗಳನ್ನು, ಒಟ್ಟು 14,250 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದವರಿಗೆ ಒಂದು ಸ್ಪಷ್ಟವಾಗಿತ್ತು: ಬದುಕಿನ ಪೆಟ್ಟುಗಳು ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಆದರೆ ಗಿಡ್ಡ–ಉದ್ದದ ಪಾತ್ರ ಮಾತ್ರ ಕಾಣಲಿಲ್ಲ. 2011ರಲ್ಲಿ 54 ಅಧ್ಯಯನ ಸೇರಿಸಿ ಲೆಕ್ಕ ಹಾಕಿದವರು ಇಲ್ಲ, ಪಾತ್ರ ಇದೆ ಅಂದರು. ಜಗಳ ನಡೆಯಿತು. 2018ರಲ್ಲಿ 38,802 ಜನರ ಲೆಕ್ಕ ಬಂತು. ಗಟ್ಟಿಯಾಗಿ ಹೇಳುವಂಥದ್ದು ಏನೂ ಸಿಗಲಿಲ್ಲ. 2019ರಲ್ಲಿ ಖಿನ್ನತೆಗೆ ಹೆಸರಾದ 18 ಜೀನ್‌ಗಳನ್ನು ಲಕ್ಷಗಟ್ಟಲೆ ಜನರಲ್ಲಿ, ಅತಿ ದೊಡ್ಡ ಲೆಕ್ಕದಲ್ಲಿ 4,43,264 ಮಂದಿಯಲ್ಲಿ, ಜಾಲಾಡಿದರು. ಕಣ್ಣುಮುಚ್ಚಿ ಆರಿಸಿದ ಬೇರೆ ಜೀನ್‌ಗಳಿಗಿಂತ ಇವು ಹೆಚ್ಚಿನದೇನೂ ಹೇಳಲಿಲ್ಲ. ನನ್ನ ಎರಡು ಗೆರೆ ಅಲ್ಲಿಗೆ ಅಳಿಸಿತು.

ಹಾಗಾದರೆ ವಂಶ ಅನ್ನುವುದೇ ಸುಳ್ಳೇ? ಅಲ್ಲ. ಇಲ್ಲೇ ಬಹಳ ಜನ ಎಡವುವುದು, ನಾನೂ ಎಡವಿದೆ. ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ಹಾಕಿದ ಲೆಕ್ಕದಲ್ಲಿ ಖಿನ್ನತೆಯ ಆನುವಂಶಿಕ ಪಾಲು ನೂರಕ್ಕೆ 37. ಅಣ್ಣನ ದುಃಖದಲ್ಲಿ 37 ಭಾಗ ಅಜ್ಜಿಯದು, 63 ಭಾಗ ಬೋರಿನದು ಅಂತ ಇದರ ಅರ್ಥ ಅಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್ ವ್ಯತ್ಯಾಸದಿಂದ ಬಂತು ಎಂಬ ಲೆಕ್ಕ ಅಷ್ಟೇ. ಭದ್ರಾ ನಾಲೆಯ ನೀರು ಎಲ್ಲ ಗದ್ದೆಗೂ ಮುಟ್ಟಿದ ವರ್ಷ ಭತ್ತದ ಇಳುವರಿಯ ಹೆಚ್ಚುಕಮ್ಮಿಗೆ ಬಹುಪಾಲು ಬೀಜ ಕಾರಣ ಅನ್ನಬಹುದು. ಕೊನೆ ಭಾಗಕ್ಕೆ ನೀರು ಬಾರದ ವರ್ಷ ಅದೇ ಬೀಜ, ಅದೇ ಗದ್ದೆ ಇದ್ದರೂ ಲೆಕ್ಕ ತಿರುಗಿಬೀಳುತ್ತದೆ. ಬೀಜ ಬದಲಾಗಿರುವುದಿಲ್ಲ.

ಆ ಪಾಲು ಒಂದು ಜೀನಿನಲ್ಲಿ ಕೂತಿಲ್ಲ ಎಂಬುದು ಈಗ ಗೊತ್ತು. ಎಂಟು ಲಕ್ಷಕ್ಕೂ ಹೆಚ್ಚು ಜನರ ಜೀನೋಮ್ ನೋಡಿ 2019ರಲ್ಲಿ 102 ಜಾಗ ಗುರುತಿಸಿದರು. 2025ರಲ್ಲಿ 29 ದೇಶಗಳ ಮಾಹಿತಿ ಸೇರಿಸಿದಾಗ ಸುಮಾರು 700. ಒಂದೊಂದರದ್ದೂ ಸಾಸಿವೆ ಕಾಳಿನಷ್ಟು ಪ್ರಭಾವ. ನನ್ನಲ್ಲೂ ಅವು ಕೆಲವಿರುತ್ತವೆ, ಇದನ್ನು ಓದುತ್ತಿರುವ ನಿಮ್ಮಲ್ಲೂ. ಎಂಜಲು ತೆಗೆದು ಟೆಸ್ಟ್ ಮಾಡಿ “ನಿಮ್ಮ ಮಗನಿಗೆ ಬರುತ್ತೆ, ಬರಲ್ಲ” ಅಂತ ಹೇಳುವ ಹಂತ ಇದಲ್ಲ. ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ.

ಅತ್ತಿಗೆಯ ಪ್ರಶ್ನೆಗೆ ಹತ್ತಿರದ ಉತ್ತರ ನನಗೆ ಸಿಕ್ಕಿದ್ದು ಇದಕ್ಕಿಂತ ಹಳೆಯ ಲೆಕ್ಕದಲ್ಲಿ. ಅಮೆರಿಕದ ವರ್ಜೀನಿಯಾದಲ್ಲಿ ಕೆನೆತ್ ಕೆಂಡ್ಲರ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಅವಳಿ ಹೆಂಗಸರನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ್ದು. ಜೀನ್ ಪರೀಕ್ಷೆ ಇಲ್ಲ, ಬರೀ ಅವಳಿ ಲೆಕ್ಕ. ತದ್ರೂಪಿ ಅವಳಿಗಳಲ್ಲಿ ಜೊತೆಯವಳಿಗೆ ಖಿನ್ನತೆ ಬಂದಿದ್ದರೆ ಇವಳದ್ದು ಹೆಚ್ಚಿನ ಆನುವಂಶಿಕ ಅಪಾಯ, ಬಂದಿಲ್ಲದಿದ್ದರೆ ಕಡಿಮೆ ಅಪಾಯ. ಹತ್ತಿರದವರ ಸಾವು, ಹಲ್ಲೆ, ವಿಚ್ಛೇದನದಂಥ ದೊಡ್ಡ ಪೆಟ್ಟು ಬಿದ್ದ ತಿಂಗಳಲ್ಲಿ ಎಷ್ಟು ಮಂದಿ ಖಿನ್ನತೆಗೆ ಜಾರಬಹುದು ಅಂತ ಅಂದಾಜು ಮಾಡಿದರು. ಸಾವಿರ ಜನಕ್ಕೆ ಇಳಿಸಿ ಹೇಳುತ್ತೇನೆ. ಅಪಾಯ ಕಡಿಮೆ ಇರುವವರಲ್ಲಿ ಪೆಟ್ಟಿಲ್ಲದ ತಿಂಗಳು 5 ಮಂದಿ, ಪೆಟ್ಟು ಬಿದ್ದ ತಿಂಗಳು 62. ಅಪಾಯ ಹೆಚ್ಚಿರುವವರಲ್ಲಿ ಪೆಟ್ಟಿಲ್ಲದಿದ್ದರೆ 11, ಬಿದ್ದರೆ 146.

ಈ ನಾಲ್ಕು ಸಂಖ್ಯೆಗಳನ್ನು ಒಂದು ಹಳೇ ಹಾಲ್ ಟಿಕೆಟ್ ಹಿಂದೆ ಬರೆದುಕೊಂಡು ತಿಂಗಳುಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಪೆಟ್ಟಿಲ್ಲದಾಗ 5ಕ್ಕೂ 11ಕ್ಕೂ ಇರುವ ಅಂತರ ಆರು ಮಂದಿ, ಪಕ್ಕದಲ್ಲಿದ್ದರೂ ಗೊತ್ತಾಗುವುದಿಲ್ಲ. ಪೆಟ್ಟು ಬಿದ್ದಾಗ ಅದೇ ಅಂತರ 84. ವಂಶ ಸುಮ್ಮನಿದ್ದು, ಕಾಲ ಕೆಟ್ಟಾಗ ಮಾತಾಡುತ್ತದೆ. ಮಿಲ್ಲು ನಡೆಯುತ್ತಿದ್ದಷ್ಟು ದಿನ ಅಪ್ಪನಿಗೂ ಅವರ ಗೆಳೆಯರಿಗೂ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಇಬ್ಬರೂ ಬೀಡಿ ಸೇದುತ್ತಾ, ನಗುತ್ತಾ ಒಟ್ಟಿಗೇ ಪಾಳಿಗೆ ಹೋಗುತ್ತಿದ್ದರು. ಆದರೆ ಇನ್ನೂ ಎರಡು ಅಂಕಿ ನೋಡಬೇಕು. ಒಂದು ಆ 62. ಮನೆತನದಲ್ಲಿ ಅಪಾಯ ಕಡಿಮೆ ಇದ್ದವರೂ ಬಿದ್ದಿದ್ದಾರೆ, ಐದು ಹೋಗಿ ಅರವತ್ತೆರಡು ಆಗುವಷ್ಟು. ಇನ್ನೊಂದು ಅಲ್ಲಿ ಬರೆದಿರದ ಅಂಕಿ: ಸಾವಿರದಲ್ಲಿ 146 ಕಳೆದರೆ 854. ಅಪಾಯವೂ ಹೆಚ್ಚಿತ್ತು, ಪೆಟ್ಟೂ ಬಿತ್ತು, ಆದರೂ ಆ ತಿಂಗಳು ಕುಸಿಯದವರು ಅವರು. ವರ್ಜೀನಿಯಾದ ಹೆಂಗಸರ ಲೆಕ್ಕ ಹೊಳಲ್ಕೆರೆಯ ಹುಡುಗನಿಗೆ ಅಂಕಿಗೆ ಅಂಕಿ ಹೊಂದುವುದಿಲ್ಲ ನಿಜ. ಆದರೂ ಅತ್ತಿಗೆಗೆ ನಾನು ಮೊದಲು ಹೇಳಬೇಕಿದ್ದದ್ದು 854 ಎಂಬ ಸಂಖ್ಯೆಯನ್ನು.

ಬಿದ್ದವರಿಗೆ ನಮ್ಮಲ್ಲಿ ಹೇಳುವ ಮಾತೊಂದಿದೆ, “ಎಲ್ಲರ ಮನೆ ದೋಸೇನೂ ತೂತೇ.” ಬೆಣ್ಣೆದೋಸೆಯ ಊರಿನಲ್ಲಿ ಇದನ್ನು ದಿನಕ್ಕೆ ಹತ್ತು ಸಲ ಕೇಳಬಹುದು. ಅಣ್ಣನಿಗೂ ಬಂದವರೆಲ್ಲ ಹೇಳಿ ಹೋದರು. ಹೇಳುವವರಿಗೆ ಸಮಾಧಾನ, ಕೇಳುವವನಿಗೆ ಏಟು. ಎಲ್ಲರ ಮನೆಯಲ್ಲೂ ತೂತೇ ಆದರೆ ನಾನೊಬ್ಬನೇ ಯಾಕೆ ಹಿಂಗೆ, ಅಂತ ಅವನು ಇನ್ನಷ್ಟು ಒಳಗೆ ಸರಿದ.

ನಾಲ್ಕನೇ ಬೋರ್ ಕೊರೆಸಿದ ರಾತ್ರಿ ನಾನಲ್ಲಿದ್ದೆ. ಮೂರು ಹೋಗಿದ್ದವು. ಕೈಸಾಲ ತಂದು ನಾಲ್ಕನೆಯದು. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದ ತುಂಬಾ ನಡೆದಿದ್ದರು. ಅದು ಎದ್ದು ನಿಂತ ಕಡೆ ಸುಣ್ಣ ಹಾಕಿ ಗುರುತು. ಬೋರ್ ಲಾರಿಯ ಸದ್ದಿಗೆ ಎದುರು ನಿಂತವನ ಮಾತೂ ಕೇಳುವುದಿಲ್ಲ. ಮುನ್ನೂರು ಅಡಿಗೆ ಕೆಂಪು ಹೋಗಿ ಬೂದು ಬಣ್ಣದ ಕಲ್ಲುಪುಡಿ ಬರತೊಡಗಿತು. ನೀರು ಸಿಕ್ಕರೆ ಪುಡಿ ಕೆಸರಾಗುತ್ತದೆ. ಅಣ್ಣ ಪ್ರತಿ ರಾಡ್ ಇಳಿದಾಗಲೂ ಪುಡಿಯನ್ನು ಹಿಡಿಯಲ್ಲಿ ತೆಗೆದು ಉಂಡೆ ಕಟ್ಟಲು ನೋಡುತ್ತಿದ್ದ. ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಉದುರಿತು. ಏಳುನೂರು ಅಡಿಗೆ ಡ್ರೈವರ್ ಎಂಜಿನ್ ಆಫ್ ಮಾಡಿ “ಸಾಕೇನಣ್ಣಾ?” ಅಂದ. ಅಣ್ಣ ತಲೆಯಾಡಿಸಲಿಲ್ಲ, ಬೇಡ ಅನ್ನಲೂ ಇಲ್ಲ. ಕೂದಲು, ಮೀಸೆ, ರೆಪ್ಪೆಯೆಲ್ಲ ಬೂದಿಯಾಗಿದ್ದ ಅವನನ್ನು ಲಾರಿಯ ಬೆಳಕಿನಲ್ಲಿ ನೋಡಿ ನನಗೆ ಹತ್ತಿ ಮೆತ್ತಿಕೊಂಡ ಅಪ್ಪನ ಹುಬ್ಬು ನೆನಪಾಯಿತು.

ಆ ರಾತ್ರಿಯ ಬಗ್ಗೆ ಆಮೇಲೆ ಹೊಳೆದದ್ದು ಇನ್ನೊಂದು. ಕೆಂಡ್ಲರ್ ತಂಡದವರೇ ಮುಂದೆ ತೋರಿಸಿದ ಹಾಗೆ ಪೆಟ್ಟುಗಳೂ ಎರಡು ಜಾತಿ. ತಾನಾಗಿ ಬಂದು ಬೀಳುವುದು ಒಂದು. ಮಳೆ ಹೋಗುವುದು, ಮಿಲ್ಲು ಮುಚ್ಚುವುದು. ನಮ್ಮ ನಡೆಯಿಂದಲೂ ಹುಟ್ಟುವುದು ಇನ್ನೊಂದು. ಜಗಳ, ಮುರಿದ ಸಂಬಂಧ, ಕೆಟ್ಟ ತೀರ್ಮಾನ. ಎರಡನೇ ಜಾತಿಯದರಲ್ಲಿ ಜೀನ್‌ಗಳ ನೆರಳೂ ಸ್ವಲ್ಪ ಇರುತ್ತದೆ. ಅಂದರೆ ಒಳಗಿನದು ಹೊರಗಿನದನ್ನು ಒಂದಷ್ಟು ಎಳೆದು ತರುತ್ತದೆ. ಮೊದಲ ಬೋರ್ ಬತ್ತಿದ್ದು ಬರದಿಂದ. ಆದರೆ ನಾಲ್ಕನೆಯದನ್ನು ಹಟ ಹಿಡಿದು, ಅತ್ತಿಗೆ ಬೇಡ ಬೇಡ ಅಂದರೂ ಕೊರೆಸಿದ್ದು? ಆಗ ಅವನಿಗೆ ನಿದ್ದೆ ಬಿಟ್ಟು ಎರಡು ತಿಂಗಳಾಗಿತ್ತು, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಿದ್ದ. ಬೋರ್ ಹೋಗಿದ್ದಕ್ಕೆ ಮನಸ್ಸು ಕೆಟ್ಟಿತು ಅಂತ ನಾವೆಲ್ಲ ಹೇಳುತ್ತಿದ್ದೆವು. ಆ ಬೋರನ್ನು ಕೊರೆಸಿದ್ದೇ ಕೆಟ್ಟ ಮನಸ್ಸು ಇರಬಹುದು. ವಂಶ ಯಾವುದು, ಟೆನ್ಷನ್ ಯಾವುದು ಅಂತ ಅಮ್ಮನ ತವರಿನವರೂ ಅಪ್ಪನ ಕಡೆಯವರೂ ಬೇರೆ ಮಾಡಿ ತೋರಿಸಲಿ ನೋಡೋಣ.

ದೇಹದೊಳಗೆ ನಡೆಯುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೆಟ್ಟು ಬಿದ್ದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಏರಿದ ಕಾರ್ಟಿಸಾಲೇ ಮಿದುಳಿಗೆ ಹೋಗಿ ‘ಸಾಕು’ ಅನ್ನಬೇಕು. ಪೆಟ್ಟು ದಿನಾ ಬಿದ್ದರೆ ಆ ‘ಸಾಕು’ ಕೇಳಿಸುವುದೇ ಇಲ್ಲ. ಬೋರ್ ಲಾರಿಯ ಪಕ್ಕ ನಿಂತಂತೆ.

ನಮ್ಮ ಕಡೆ ಇದು ಖಿನ್ನತೆ ಅಂತ ಹೆಸರು ಹೇಳಿಕೊಂಡು ಬರುವುದಿಲ್ಲ. ಆ ಪದ ಪುಸ್ತಕದಲ್ಲೇ ಇರುತ್ತದೆ. ಹುಡುಗರು ಡಿಪ್ರೆಷನ್ ಅನ್ನುತ್ತಾರೆ, ದೊಡ್ಡವರು ಬ್ಯಾಸರ, ಮನ್ಸಿಗೆ ಸಮಾಧಾನಿಲ್ಲ ಅನ್ನುತ್ತಾರೆ. ಬಹಳ ಸಲ ಅದೂ ಇಲ್ಲ. ಗ್ಯಾಸ್ಟ್ರಿಕ್, ತಲೆಭಾರ, ಕೈಕಾಲು ಸೋತಂಗೆ. ಅಣ್ಣನಿಗೆ ಇಸಿಜಿ ಆಯಿತು, ಎಂಡೋಸ್ಕೋಪಿ ಆಯಿತು, ಥೈರಾಯ್ಡ್ ಆಯಿತು. ಕೊನೆಗೆ ದಾವಣಗೆರೆಯ ವೈದ್ಯರೊಬ್ಬರು ರಿಪೋರ್ಟುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, “ಮೊದಲು ಏನು ಮಾಡೋಕೆ ಖುಷಿ ಆಗ್ತಿತ್ತು ಯಜಮಾನ್ರೇ?” ಅಂತ ಕೇಳಿದರು. ಅಣ್ಣ ಯೋಚಿಸಿದ. ತುಂಬಾ ಹೊತ್ತು. “ನೆನಪಾಗ್ತಿಲ್ಲ” ಅಂದ. ಅವರು ಮನೋವೈದ್ಯರಿಗೆ ಚೀಟಿ ಬರೆದರು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅವನು ಉಳಿದ ಹದಿನೈದರ ಲೆಕ್ಕಕ್ಕೆ ಸೇರಿದ್ದು ಒಂದು ಪ್ರಶ್ನೆಯಿಂದ.

ಕೊಟ್ಟ ಮಾತ್ರೆ ಎಸ್ಸಿಟಾಲೊಪ್ರಾಮ್. ಅದು ಹೋಗಿ ಕೂರುವುದು ಎಲ್ಲಿ ಗೊತ್ತೇ? ಡನೆಡಿನ್ ಅಧ್ಯಯನದವರು ನೋಡಿದ ಅದೇ ಸಿರೊಟೋನಿನ್ ಎಳೆದುಕೊಳ್ಳುವ ಪ್ರೋಟೀನಿನ ಮೇಲೆ. ಜೀನಿನ ಕತೆ ಬಿದ್ದುಹೋಯಿತು, ಮಾತ್ರೆ ಕೆಲಸ ಮಾಡಿತು. ಇದರಿಂದ ಸಿರೊಟೋನಿನ್ ಕಮ್ಮಿಯಾಗಿಯೇ ಕಾಯಿಲೆ ಬಂತು ಅಂತ ತೀರ್ಮಾನಿಸಲಾಗದು. ಪ್ಯಾರಾಸಿಟಮಾಲ್‌ಗೆ ಜ್ವರ ಇಳಿಯಿತು ಅಂತ ಜ್ವರ ಬಂದದ್ದು ಪ್ಯಾರಾಸಿಟಮಾಲ್ ಕೊರತೆಯಿಂದಲೇ? ಮೊದಲ ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಅತ್ತಿಗೆ ಫೋನ್ ಮಾಡಿ, “ಇವತ್ತು ಸಾರಿಗೆ ಉಪ್ಪು ಕಮ್ಮಿ ಅಂದ್ರು ಮೇಷ್ಟ್ರೇ” ಅಂದರು. ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ.

ಮಾತ್ರೆಯೊಂದೇ ಅಲ್ಲ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಹೆಂಗಸರ ಮನೆಮನೆಗೆ ಹೋಗಿ ಮಾಡಿದ ಕೆಲಸ 1978ರಲ್ಲಿ ಬಂತು. ಜೀನಿನ ಮಾತೇ ಇಲ್ಲ ಅದರಲ್ಲಿ. ಪೆಟ್ಟು ಬಿದ್ದಾಗ ಯಾರು ಬೇಗ ಕುಸಿಯುತ್ತಾರೆ ಎಂಬುದಕ್ಕೆ ಅವರು ಕಂಡುಕೊಂಡ ಕಾರಣಗಳಲ್ಲಿ ಮುಖ್ಯವಾದದ್ದು, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಹತ್ತಿರದ ಒಬ್ಬ ಮನುಷ್ಯ ಇಲ್ಲದಿರುವುದು. ಹನ್ನೊಂದು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದೂ ಇನ್ನೊಂದು. ಇದನ್ನು ಓದಿದಾಗ ನನಗೆ ಬೇರೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಬರದ ಆ ಎರಡು ವರ್ಷ ಪ್ರತಿ ಭಾನುವಾರ ಅಣ್ಣನಿಗೆ ಫೋನ್ ಮಾಡುತ್ತಿದ್ದೆ. “ನೀರು ಎಷ್ಟು ಇಂಚು ಬರ್ತೈತೆ? ಟ್ಯಾಂಕರ್‌ಗೆ ಎಷ್ಟಾಯ್ತು? ಸೊಸೈಟೀದು ರಿನ್ಯೂ ಮಾಡ್ಸಿದ್ಯಾ?” ನೂರು ಭಾನುವಾರ ಮಾತಾಡಿದ್ದು ಬೋರಿನ ಬಗ್ಗೆ.

ಅಣ್ಣ ಎದ್ದ. ತೋಟದಲ್ಲಿ ಅರ್ಧ ಒಣಗಿತ್ತು, ಉಳಿದರ್ಧ ಉಳಿಯಿತು. ಮಾತ್ರೆಯನ್ನು ತಾನೇ ನಿಲ್ಲಿಸಿದ. 2021ರಲ್ಲಿ ಮಳೆ ಚೆನ್ನಾಗಿತ್ತು, ಅಡಿಕೆಗೆ ಒಳ್ಳೇ ರೇಟಿತ್ತು, ಸಾಲ ಬಹುಪಾಲು ತೀರಿತ್ತು. ಆ ಕಾರ್ತೀಕದಲ್ಲಿ ಮತ್ತೆ ಮಲಗಿದ. ಈ ಸಲ ಮಾವನೂ ಏನೂ ಅನ್ನಲಿಲ್ಲ, ಅನ್ನಲು ಕಾರಣವೇ ಇರಲಿಲ್ಲವಲ್ಲ. ಆದರೆ ಇದೂ ತಿಳಿದಿರುವ ಸಂಗತಿಯೇ. ಮೊದಲ ಸಲದ ಹಿಂದೆ ದೊಡ್ಡ ಪೆಟ್ಟು ಇರುವುದು ಹೆಚ್ಚು. ಆಮೇಲೆ ಕಾಯಿಲೆ ಮರುಕಳಿಸಿದಷ್ಟೂ ಪೆಟ್ಟಿನ ನಂಟು ಸಡಿಲವಾಗುತ್ತ ಹೋಗುತ್ತದೆ. ಒಮ್ಮೆ ಹತ್ತಿದ ಒಲೆಯ ಬೂದಿಯಲ್ಲಿ ಕೆಂಡ ಉಳಿದಿರುತ್ತದೆ, ಮತ್ತೆ ಹೊತ್ತಿಸಲು ಕಡ್ಡಿ ಗೀರಬೇಕಾಗಿಲ್ಲ. ಈ ಸಲ ನಾವು ಗ್ಯಾಸ್ಟ್ರಿಕ್ ಅನ್ನಲಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಗೊತ್ತಾಗಿತ್ತು. ಅಲ್ಲಿಗೆ ಹೋಗತೊಡಗಿದ, ಈಗಲೂ ಹೋಗುತ್ತಾನೆ. ಹೋಗಲು ಆಗದವರಿಗೆ ಟೆಲಿಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮರುವರ್ಷ ಅಣ್ಣನ ಮಗನಿಗೆ ಒಂದು ಸಂಬಂಧ ಬಂತು. ಹುಡುಗಿಯ ತಂದೆ ದಾವಣಗೆರೆಗೆ ನಮ್ಮನೆಗೇ ಬಂದು, ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: “ನೀವು ಓದಿದೋರು ಸರ್, ಸುಳ್ಳು ಹೇಳಲ್ಲ ಅಂತ ಬಂದೆ. ಮನೆತನದಾಗೆ ಏನೋ ಐತೆ ಅಂದ್ರು…” ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಸಾಧ್ಯತೆ ಎರಡೂವರೆ–ಮೂರು ಪಟ್ಟು. ಒರಟು ಲೆಕ್ಕದಲ್ಲಿ ಇಪ್ಪತ್ತಕ್ಕೆ ಮೂರು ಅಂತಿಟ್ಟುಕೊಂಡರೂ ಹದಿನೇಳು ಜನ ಆರಾಮಾಗಿರುತ್ತಾರೆ. ಹಾಲ್ ಟಿಕೆಟ್ಟಿನ ಹಿಂದಿನ ಅಂಕಿಗಳನ್ನೂ ತೋರಿಸಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಫೋನ್ ಬರಲಿಲ್ಲ.

ಅತ್ತಿಗೆ ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟರು. “ಬಿಪಿ ಐತೆ, ಶುಗರ್ ಐತೆ ಅಂತ ಯಾರಾರ ಹುಡ್ಗಿ ಕಡೆಯೋರ ಮುಂದೆ ಹೇಳ್ತಾರಾ?” ಅಂತ ಕೇಳಿದ್ದರು. ಅದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರ ಇಲ್ಲ. ಅವರು ಹೇಳಿದ್ದು ಸರಿ ಇರಬಹುದು.

ಹುಡುಗ ಮಾತ್ರ ನಕ್ಕುಬಿಟ್ಟ. “ಚಿಕ್ಕಪ್ಪಾ, ನಿನ್ ಲೆಕ್ಕ ಅವ್ರಿಗೆ ಅರ್ಥ ಆಗಿಲ್ಲ ಬಿಡು.” ಅವನು ಈಗ ತೋಟಕ್ಕೆ ಡ್ರಿಪ್ ಹಾಕಿಸಿದ್ದಾನೆ, ಹೊಂಡ ತೆಗೆಸಿದ್ದಾನೆ. ರಾತ್ರಿ ಊಟವಾದ ಮೇಲೆ ಅಪ್ಪ ಮಗ ಇಬ್ಬರೂ ಜಗಲಿಯಲ್ಲಿ ಕೂರುತ್ತಾರೆ. ಏನು ಮಾತಾಡುತ್ತಾರೋ ನಾನು ಕೇಳಿಲ್ಲ.

ಹೋದ ತಿಂಗಳು ಊರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ತೋಟದವನು ಸಿಕ್ಕ. ನಾಲ್ಕು ಬೋರ್ ಹೋದರೂ ಮಲಗದವನು, ನಮ್ಮ ಮಾವನ ಲೆಕ್ಕದ ಗಟ್ಟಿಗ. ಬಸ್ಸು ಬರುವ ತನಕ ಮಳೆ, ರೇಟು ಅಂತ ಮಾತಾಡಿದ. ಬಸ್ಸು ಬಂದಾಗ ನನ್ನ ಬ್ಯಾಗು ಎತ್ತಿಕೊಡುವ ನೆಪದಲ್ಲಿ ಹತ್ತಿರ ಬಂದು, “ಮೇಷ್ಟ್ರೇ, ನಿಮ್ಮಣ್ಣಾರು ಮಂಗಳವಾರ ತೋರಿಸ್ಕಳಾಕೆ ಹೋಗ್ತಾರಲ್ಲ, ಆ ಡಾಕ್ಟ್ರು ನಿದ್ದೆ ಬರ್ದೇ ಇರೋದಕ್ಕೂ ನೋಡ್ತಾರಾ?” ಅಂದ.

ಎಷ್ಟು ದಿನದಿಂದ ಬರ್ತಿಲ್ಲ ಅಂದೆ.

“ಆ ಬರದ ವರ್ಸದಿಂದ.”

ಕಂಡಕ್ಟರ್ ಸೀಟಿ ಊದಿದ. ನೋಡ್ತಾರೆ, ಅಣ್ಣನ ಜೊತೆಗೇ ಹೋಗು ಅಂದೆ. ಈ ಬರಹ ಬರೆಯುವ ಮೊದಲು ಅವನಿಗೂ ಫೋನ್ ಮಾಡಿ, ನಿನ್ನ ಸುದ್ದಿ ಹಾಕಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಕ್ರಿ, ಊರ ಹೆಸರೊಂದು ಹಾಕ್ಬ್ಯಾಡ್ರಿ” ಅಂದ.

ಹಾಕಿಲ್ಲ.